ಬಾಯಿ ಕ್ಯಾನ್ಸರ್‌ಗೆ ರೇಡಿಯೇಷನ್ ಮುಗಿದ ಮೇಲೆ ಮನೆಯಲ್ಲಿ ಆರೈಕೆ ಹೇಗೆ

ಬಾಯಿ ಕ್ಯಾನ್ಸರ್‌ಗೆ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ 30 ಸಲ ರೇಡಿಯೇಷನ್ ಕೊಡುತ್ತಾರೆ. ವಾರಕ್ಕೆ ಐದು ದಿನದಂತೆ ಆರು ವಾರ. ಕೆಲವರಿಗೆ ಇದು 33 ಸಲದವರೆಗೂ ಹೋಗುತ್ತದೆ, ಜೊತೆಗೆ ವಾರಕ್ಕೊಮ್ಮೆಯೋ ಮೂರು ವಾರಕ್ಕೊಮ್ಮೆಯೋ ಕೀಮೋ ಕೂಡ ಇರುತ್ತದೆ. ಕೊನೆಯ 'ಕರೆಂಟ್' ಮುಗಿದ ದಿನ ಮನೆಯವರು ಉಸ್ಸಪ್ಪಾ ಎಂದು ಬ್ಯಾಗು ಕಟ್ಟಿ ಊರಿಗೆ ಹೊರಡುತ್ತಾರೆ. ಇನ್ನು ದಿನದಿಂದ ದಿನಕ್ಕೆ ಚೇತರಿಕೆಯೇ ಎಂದುಕೊಂಡಿರುತ್ತಾರೆ. ಆದರೆ ಬಾಯಿಹುಣ್ಣು, ಕತ್ತಿನ ಚರ್ಮದ ಉರಿ, ಸುಸ್ತು ಇವೆಲ್ಲ ಏರಿ ನಿಲ್ಲುವುದು ಚಿಕಿತ್ಸೆ ಮುಗಿದ ನಂತರದ ಒಂದೆರಡು ವಾರಗಳಲ್ಲಿ.

ಇದಕ್ಕೆ ಕಾರಣವಿದೆ. ಬಾಯೊಳಗಿನ ತೆಳು ಪೊರೆ ಸವೆಯುತ್ತ, ಕೆಳಗಿನಿಂದ ಹೊಸದು ಹುಟ್ಟುತ್ತ ಇರುತ್ತದೆ. ರೇಡಿಯೇಷನ್ ಆ ಹೊಸ ಹುಟ್ಟನ್ನು ತಡೆಯುತ್ತದೆ. ಮೆಷಿನ್ ನಿಂತ ಮೇಲೂ ಹಳೆಯ ಪೊರೆ ಉದುರುತ್ತಲೇ ಇರುತ್ತದೆ, ಹೊಸದು ಬರಲು ಸಮಯ ಬೇಕು. ಹಾಗಾಗಿ ಮನೆಗೆ ಬಂದು ಎಂಟು ದಿನಕ್ಕೆ ನೋವು ಹೆಚ್ಚಾಯಿತೆಂದರೆ ಕಾಯಿಲೆ ಮರುಕಳಿಸಿತು ಎಂದು ಗಾಬರಿಯಾಗಬೇಡಿ. ಹೆಚ್ಚಿನವರಿಗೆ ಮೂರನೇ ವಾರದಿಂದ ಇಳಿಮುಖವಾಗಿ, ಆರೆಂಟು ವಾರದ ಹೊತ್ತಿಗೆ ಹುಣ್ಣು ಮಾಯುತ್ತದೆ. ಕೀಮೋ ಕೂಡ ಆಗಿದ್ದರೆ ಇನ್ನೂ ಸ್ವಲ್ಪ ತಡ. ಈ ಮೊದಲ ವಾರಗಳಲ್ಲಿ ತೂಕ ಬೀಳದಂತೆ ನೋಡಿಕೊಳ್ಳುವುದು, ಆಮೇಲೆ ವರ್ಷಗಟ್ಟಲೆ ದವಡೆ ಮತ್ತು ಹಲ್ಲನ್ನು ಕಾಪಾಡುವುದು ಮನೆಯವರ ಮುಂದಿರುವ ದೊಡ್ಡ ಕೆಲಸಗಳು.

ಇನ್ನೊಂದು ಮಾತನ್ನು ಮನೆಮಂದಿಗೆಲ್ಲ ಮೊದಲೇ ಹೇಳಿಬಿಡಿ. ಹೊರಗಿನ ಮೆಷಿನ್‌ನಿಂದ ಕೊಟ್ಟ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ, ಕ್ಯಾನ್ಸರ್ ಅಂಟುರೋಗವಲ್ಲ. ಮೊಮ್ಮಕ್ಕಳು ತೊಡೆ ಮೇಲೆ ಕೂರಬಹುದು. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಿ ಮೂಲೆಗೆ ಕೂರಿಸಿದರೆ ಆಗುವ ನೋವಿಗೆ ಯಾವ ಔಷಧಿಯೂ ಇಲ್ಲ.

ಆಸ್ಪತ್ರೆ ಬಿಡುವ ಮೊದಲು

ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಆಸ್ಪತ್ರೆಯಲ್ಲಿ ಚಿಕಿತ್ಸೆ ಮುಗಿಸಿ ಬೀದರಿಗೋ ಹಾಸನಕ್ಕೋ ಮರಳುವವರು ಮೂರು ಸಂಗತಿ ಕೇಳಿಕೊಂಡೇ ಹೊರಡಬೇಕು. ಒಂದು, ಎಷ್ಟು ಡೋಸ್ ರೇಡಿಯೇಷನ್ ಯಾವ ಭಾಗಕ್ಕೆ ಬಿತ್ತು ಎಂಬ ಬರಹ. ಇದರ ನಾಲ್ಕು ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ, ಯಾಕೆಂಬುದು ಹಲ್ಲಿನ ವಿಷಯ ಬಂದಾಗ ತಿಳಿಯುತ್ತದೆ. ಎರಡು, ನೋವಿನ ಔಷಧಿ ಎಷ್ಟು ದಿನಕ್ಕೆ ಸಾಕಾಗುತ್ತದೆ, ಮುಗಿದರೆ ಎಲ್ಲಿ ಸಿಗುತ್ತದೆ. ಮಾರ್ಫಿನ್ ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಇರುವುದಿಲ್ಲ. ಮೂರು, ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು. ರೈಲಿನಲ್ಲಿ ಓಡಾಡುವವರಾದರೆ ಕ್ಯಾನ್ಸರ್ ರೋಗಿಗೂ ಜೊತೆಯವರಿಗೂ ಟಿಕೆಟ್ ರಿಯಾಯಿತಿ ಇದೆ, ಅದರ ನಮೂನೆಗೆ ಅಲ್ಲೇ ಡಾಕ್ಟರ ಸಹಿ ಹಾಕಿಸಿಕೊಳ್ಳಿ.

ಮನೆಗೆ ಬೇಕಾದ ಸಾಮಾನು ಹೆಚ್ಚಿಲ್ಲ. ತೂಕದ ಯಂತ್ರ, ಜ್ವರ ನೋಡುವ ಥರ್ಮಾಮೀಟರ್, ತೀರಾ ಮೆದುವಾದ ಬ್ರಷ್, ಅಡುಗೆ ಸೋಡಾ, ಒಂದು ಕಟ್ಟು ಐಸ್‌ಕ್ರೀಮ್ ಕಡ್ಡಿ, ಒಂದು ನೋಟ್‌ಬುಕ್.

ಬಾಯಿ ತೊಳೆಯುವುದು

ಕುದಿಸಿ ಆರಿಸಿದ 1 ಲೀಟರ್ ನೀರಿಗೆ 1 ಟೀ ಚಮಚ ಉಪ್ಪು, 1 ಟೀ ಚಮಚ ಅಡುಗೆ ಸೋಡಾ ಹಾಕಿ ಕದಡಿ. ಬೇಕಿಂಗ್ ಪೌಡರ್ ಆಗಲಿ, ಗ್ಯಾಸಿಗೆ ಕುಡಿಯುವ ಸಾಲ್ಟ್ ಆಗಲಿ ಬೇಡ. ಅವುಗಳಲ್ಲಿ ಹುಳಿ ಸೇರಿರುತ್ತದೆ, ಹುಣ್ಣಿಗೆ ಉರಿಯುತ್ತದೆ. ಎಚ್ಚರವಿದ್ದಷ್ಟು ಹೊತ್ತು ಎರಡೆರಡು ಗಂಟೆಗೊಮ್ಮೆ, ಊಟಕ್ಕೆ ಮುಂಚೆ ಮತ್ತು ಊಟವಾದ ಮೇಲೆ, ರಾತ್ರಿ ಎದ್ದಾಗ ಒಮ್ಮೆ ಒಂದು ಗುಟುಕು ಬಾಯಲ್ಲಿ ಅರ್ಧ ನಿಮಿಷ ಆಡಿಸಿ ಉಗುಳಬೇಕು. ಉರಿಯುತ್ತದೆ ಎಂದರೆ ಉಪ್ಪು ಅರ್ಧಕ್ಕಿಳಿಸಿ, ಸೋಡಾ ಹಾಗೇ ಇರಲಿ. ದಾರದಂತೆ ಎಳೆಯುವ ಗಟ್ಟಿ ಲೋಳೆ ಬಿಡಿಸುವುದು ಸೋಡಾದ ಕೆಲಸ. ಉಳಿದ ನೀರನ್ನು ಮರುದಿನಕ್ಕೆ ಇಡಬೇಡಿ.

ಅಂಗಡಿಯ ಘಾಟು ಮೌತ್‌ವಾಷ್‌ಗಳಲ್ಲಿ ಆಲ್ಕೋಹಾಲ್ ಇರುತ್ತದೆ, ಅವು ಬೇಡ. ನೋವು ತಗ್ಗಿಸಲು ಡಾಕ್ಟರು ಬೆಂಜಿಡಮಿನ್ ಬರೆದಿದ್ದರೆ, ಚುರುಗುಟ್ಟಿದಾಗ ಅಷ್ಟೇ ನೀರು ಬೆರೆಸಿ ಕೊಡಬಹುದು. ಬ್ರಷ್ಷನ್ನು ಬಿಸಿನೀರಲ್ಲಿ ಎರಡು ನಿಮಿಷ ನೆನೆಸಿದರೆ ಇನ್ನಷ್ಟು ಮೆತ್ತಗಾಗುತ್ತದೆ. ಪುದೀನ ಖಾರದ ಪೇಸ್ಟ್ ತಡೆಯಲಾಗದಿದ್ದರೆ ಫ್ಲೋರೈಡ್ ಇರುವ ಮಕ್ಕಳ ಪೇಸ್ಟ್ ಬಳಸಿ. ಹಲ್ಲುಪುಡಿ, ಇದ್ದಿಲು, ಬೇವಿನ ಕಡ್ಡಿ ಇವನ್ನೆಲ್ಲ ಮರೆತುಬಿಡಿ. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಹುಣ್ಣು ಮಾಯುವವರೆಗೆ ಹಾಕಬಾರದು. ಮೇಲ್ದವಡೆ ತೆಗೆದ ಜಾಗಕ್ಕೆ ಕೊಟ್ಟಿರುವ ಪ್ಲೇಟ್ ಬೇರೆ ಲೆಕ್ಕ, ಅದನ್ನು ಡಾಕ್ಟರು ಹೇಳಿದಂತೆ ತೊಳೆದು ಹಾಕಿಕೊಳ್ಳಬೇಕು.

ದಿನಕ್ಕೊಮ್ಮೆ ಮೊಬೈಲ್ ಟಾರ್ಚ್ ಹಾಕಿ ಕೆನ್ನೆಯ ಒಳಭಾಗ, ನಾಲಗೆಯ ಅಡಿ, ಅಂಗುಳ ನೋಡಿ. ಹುಣ್ಣಿನ ಮೇಲೆ ಅಂಟಿಕೊಂಡ ಹಳದಿ-ಬಿಳಿ ಪೊರೆ ಮಾಯುವ ದಾರಿಯಲ್ಲಿ ಬರುವಂಥದ್ದು, ಕೆರೆದು ತೆಗೆಯಬೇಡಿ. ಕೆನೆ ಮೊಸರಿನ ಚೂರುಗಳಂತೆ ಬಿಳಿ ಮಚ್ಚೆಗಳು ಎದ್ದು, ಹತ್ತಿಯಲ್ಲಿ ಒರೆಸಿದರೆ ಕಿತ್ತು ಬಂದು ಅಡಿಯಲ್ಲಿ ಕೆಂಪು ಕಂಡರೆ ಅದು ಫಂಗಸ್. ನಿನ್ನೆಗಿಂತ ಇವತ್ತು ಇದ್ದಕ್ಕಿದ್ದಂತೆ ಉರಿ ಹೆಚ್ಚಾಗುವುದೂ ಅದರ ಗುರುತೇ. ಫಂಗಸ್ ಔಷಧಿ ಶುರುವಾದರೆ ಕೆಲವೇ ದಿನದಲ್ಲಿ ಊಟ ಇಳಿಯತೊಡಗುತ್ತದೆ, ಆದ್ದರಿಂದ ಕಂಡ ದಿನವೇ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿ. ಬಾಯಿಗೆ ಹಚ್ಚುವ ಫಂಗಸ್ ಔಷಧಿ ಕೊಟ್ಟಿದ್ದರೆ, ಹಚ್ಚಿದ ಮೇಲೆ ಅರ್ಧ ಗಂಟೆ ಏನೂ ತಿನ್ನಿಸಬಾರದು, ಬಾಯಿ ಮುಕ್ಕಳಿಸಲೂ ಬಾರದು.

ನೋವಿನ ಔಷಧಿ ಗಡಿಯಾರಕ್ಕೆ ತಕ್ಕಂತೆ

'ನೋವು ಬಂದಾಗ ನುಂಗ್ತೀನಿ' ಎಂದು ಹಟ ಹಿಡಿಯುವವರು ಬಹಳ. ಬಾಯಿಹುಣ್ಣಿನ ನೋವು ಒಮ್ಮೆ ಏರಿದರೆ ಇಳಿಸುವುದು ಕಷ್ಟ, ಅಷ್ಟರೊಳಗೆ ಆ ಹೊತ್ತಿನ ಊಟ ತಪ್ಪಿರುತ್ತದೆ. ಬರೆದುಕೊಟ್ಟ ಗಂಟೆಗೆ ಸರಿಯಾಗಿ ಕೊಡಿ. ಊಟಕ್ಕೆ 30ರಿಂದ 45 ನಿಮಿಷ ಮೊದಲು ಔಷಧಿ ಬೀಳುವಂತೆ ಊಟದ ಹೊತ್ತನ್ನು ಹೊಂದಿಸಿಕೊಳ್ಳಿ. ಬಾಯಿ ಮರಗಟ್ಟಿಸುವ ಲಿಗ್ನೊಕೇನ್ ದ್ರವ ಕೊಟ್ಟಿದ್ದರೆ, ಮರಗಟ್ಟಿದ ಬಾಯಿಗೆ ಬಿಸಿ ಗೊತ್ತಾಗುವುದಿಲ್ಲ, ಗಂಟಲಿಗೂ ಇಳಿದಿದ್ದರೆ ನೆತ್ತಿಗೆ ಹತ್ತುವ ಅಪಾಯ ಹೆಚ್ಚು. ಆ ಹೊತ್ತಿನಲ್ಲಿ ಉಗುರುಬೆಚ್ಚಗಿನದನ್ನು ಸಣ್ಣ ಸಣ್ಣ ಚಮಚದಲ್ಲಿ ಮಾತ್ರ ಕೊಡಿ.

ಮಾರ್ಫಿನ್ ಎಂದ ಕೂಡಲೇ ಚಟ ಹಿಡಿಯುತ್ತದೆ ಎಂಬ ಭಯ ಬೇಡ. ಹುಣ್ಣಿನ ನೋವಿಗೆ ಡಾಕ್ಟರು ಹೇಳಿದ ಅಳತೆಯಲ್ಲಿ ಕೆಲವು ವಾರ ತೆಗೆದುಕೊಂಡು, ಆಮೇಲೆ ಅವರು ಹೇಳಿದಂತೆಯೇ ಇಳಿಸುತ್ತ ಬಂದರೆ ಆ ಪ್ರಶ್ನೆ ಬರುವುದು ಅಪರೂಪ. ಥಟ್ಟನೆ ನಿಲ್ಲಿಸುವುದು ಬೇಡ. ಮಲಬದ್ಧತೆ ಮಾತ್ರ ಖಂಡಿತ ಬರುತ್ತದೆ, ಹಾಗಾಗಿ ಮಲ ಸಡಿಲಿಸುವ ಔಷಧಿ ಮೊದಲ ದಿನದಿಂದಲೇ ಜೊತೆಗಿರಬೇಕು. ಹೊಟ್ಟೆ ಕಟ್ಟಿದವರಿಗೆ ವಾಕರಿಕೆ ಬಂದು ಊಟವೂ ಸೇರದು. ನಿಧಾನವಾಗಿ ಕರಗಲೆಂದು ಮಾಡಿದ ಮಾರ್ಫಿನ್ ಮಾತ್ರೆಯನ್ನು ಪುಡಿಮಾಡಿ ಕೊಡಲೇಬಾರದು, ಹನ್ನೆರಡು ಗಂಟೆಯ ಔಷಧಿ ಒಮ್ಮೆಲೇ ರಕ್ತಕ್ಕಿಳಿಯುತ್ತದೆ. ನುಂಗಲಾಗದಿದ್ದರೆ ದ್ರವರೂಪದ್ದು ಕೇಳಿ. ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್‌ಗಳನ್ನು ಅಂಗಡಿಯಿಂದ ನೀವಾಗಿಯೇ ತರಬೇಡಿ, ಸಿಸ್‌ಪ್ಲಾಟಿನ್ ಕೀಮೋ ಆದವರ ಕಿಡ್ನಿಗೆ ಅವು ಇನ್ನಷ್ಟು ಹೊರೆ. ಪ್ಯಾರಾಸಿಟಮಾಲ್ ಕೊಡುವ ಮೊದಲು ಜ್ವರ ನೋಡಿ ಬರೆದಿಡಿ. ಮಾತ್ರೆ ಬಿದ್ದ ಮೇಲೆ ಜ್ವರ ಅಡಗಿ ಕೂತಿರುತ್ತದೆ.

ಊಟ

ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ. ನೋವಿರುವ ಬಾಯಿಗೆ ಇಳಿಯಲಿ ಎಂದು ತೆಳ್ಳಗೆ ಗಂಜಿ, ನೀರು ಮಜ್ಜಿಗೆ, ಎಳನೀರು, ಬೇಳೆಕಟ್ಟು ಕೊಡುತ್ತಾರೆ. ದಿನವಿಡೀ ಏನೋ ಕುಡಿಸುತ್ತಲೇ ಇರುತ್ತಾರೆ, ತೂಕ ಮಾತ್ರ ಇಳಿಯುತ್ತಲೇ ಹೋಗುತ್ತದೆ. ಲೆಕ್ಕ ಹಾಕಿ ನೋಡಿ. 50 ಕೆಜಿ ತೂಗುವವರಿಗೆ ದಿನಕ್ಕೆ 1,500ರಿಂದ 1,750 ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಎರಡು ದೊಡ್ಡ ಚಮಚ ರಾಗಿಹಿಟ್ಟಿಗೆ ಒಂದು ಲೋಟ ನೀರು ಹಾಕಿ ಕಾಸಿದ ಅಂಬಲಿಯಲ್ಲಿ ಇರುವುದು 60–70 ಕ್ಯಾಲೊರಿ, ಪ್ರೋಟೀನ್ ಎರಡು ಗ್ರಾಮೂ ಇಲ್ಲ.

ಅದೇ ಲೋಟವನ್ನು ಹೀಗೆ ಮಾಡಿ. 250 ಮಿಲಿ ಗಟ್ಟಿ ಹಾಲಿಗೆ ಎರಡು ದೊಡ್ಡ ಚಮಚ ಮೊಳಕೆ ರಾಗಿಹಿಟ್ಟನ್ನು ತಣ್ಣಗಿರುವಾಗಲೇ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತ ಬೇಯಿಸಿ. ಇಳಿಸಿದ ಮೇಲೆ ಎರಡು ಟೀ ಚಮಚ ಸಕ್ಕರೆ, ಒಂದು ಟೀ ಚಮಚ ತುಪ್ಪ, ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಸೋಸಿ, ಉಗುರುಬೆಚ್ಚಗಾದಾಗ ಕೊಡಿ. ಸುಮಾರು 400 ಕ್ಯಾಲೊರಿ, 14 ಗ್ರಾಂ ಆಸುಪಾಸು ಪ್ರೋಟೀನ್. ಇಂಥ ನಾಲ್ಕು ಲೋಟ ಹೊಟ್ಟೆಗೆ ಬಿದ್ದರೆ ಆ ದಿನ ಹೆಚ್ಚುಕಡಿಮೆ ಗೆದ್ದಂತೆ. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಬಿಟ್ಟು ತುಪ್ಪ ಹೆಚ್ಚಿಸಿ, ಶುಗರ್ ಪರೀಕ್ಷೆ ಮಾಡಿಸುತ್ತಿರಿ. ಹಾಲು ಒಗ್ಗದವರಿಗೆ ಹುರಿಗಡಲೆ ಹಿಟ್ಟು ಅಥವಾ ನುಣ್ಣಗೆ ಅರೆದ ಕಡಲೆಬೀಜ ಸೇರಿಸಿ ನೀರಿನಲ್ಲೇ ಮಾಡಬಹುದು.

ಮೊಳಕೆ ರಾಗಿಯೇ ಯಾಕೆಂದರೆ, ರಾಗಿ ಮೊಳೆತಾಗ ಪಿಷ್ಟ ಕರಗಿಸುವ ಅಮೈಲೇಸ್ ಎಂಬ ಕಿಣ್ವ ಅದರಲ್ಲಿ ಹೆಚ್ಚುತ್ತದೆ. ಸಣ್ಣ ಉರಿಯಲ್ಲಿ ಬಿಸಿಯೇರುವಾಗ ಅದು ಗಂಜಿಯನ್ನು ತೆಳ್ಳಗಾಗಿಸುತ್ತದೆ, ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಕುಡಿಯುವಂತೆಯೇ ಉಳಿಯುತ್ತದೆ. ರಾಗಿಯನ್ನು ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ಎರಡು ದಿನ ಮೊಳೆಯಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸಿ. ಕೂಸಿಗೆ ರಾಗಿ ಸರಿ ಮಾಡಿದ ಅನುಭವ ಇರುವ ಅಜ್ಜಿಯರಿಗೆ ಇದು ಹೇಳಿಕೊಡಬೇಕಿಲ್ಲ. ಚೆನ್ನಾಗಿ ಹುರಿದರೆ ಆ ಗುಣ ಹೋಗುತ್ತದೆ, ಘಮ ಬರಲೆಂದು ಹುರಿಯಬೇಡಿ.

ಉಳಿದಂತೆ ಮೆತ್ತಗೆ ಬೆಂದ ಹೆಸರುಬೇಳೆ ಪೊಂಗಲ್‌ಗೆ ಮೆಣಸು, ಶುಂಠಿ ಹಾಕದೆ ತುಪ್ಪ ಸುರಿದು ಮಿಕ್ಸಿಗೆ ಹಾಕಿದ್ದು, ಹಾಲಿನಲ್ಲಿ ನೆನೆಸಿ ಕಿವುಚಿದ ಇಡ್ಲಿ, ಹುಳಿಯಾಗದ ಹೊಸ ಮೊಸರು ಅನ್ನ, ಪೂರ್ತಿ ಬೆಂದ ಮೊಟ್ಟೆಯನ್ನು ಹಾಲಿನ ಜೊತೆ ಅರೆದದ್ದು, ಕಳಿತ ಬಾಳೆಹಣ್ಣು, ಸೀತಾಫಲದ ತಿರುಳು ನಡೆಯುತ್ತವೆ. ಹಸಿ ಮೊಟ್ಟೆ ಬೇಡ. ಹುಣಸೆ, ನಿಂಬೆ, ಟೊಮ್ಯಾಟೊ, ಮೆಣಸಿನಕಾಯಿ, ಉಪ್ಪಿನಕಾಯಿ, ನಿಪ್ಪಟ್ಟು, ಚಕ್ಕುಲಿ, ಬಿಸಿಬಿಸಿ ಕಾಫಿ ಹುಣ್ಣು ಮಾಯುವವರೆಗೆ ದೂರವಿರಲಿ. ಮೂರು ಹೊತ್ತಿನ ಊಟದ ಪದ್ಧತಿ ಬಿಟ್ಟು, ಎರಡು ಗಂಟೆಗೊಮ್ಮೆ ಒಂದು ಬಟ್ಟಲು ಕೊಡಿ.

ನೋಡಲು ಬರುವ ನೆಂಟರು ಹಾಲು, ಮೊಟ್ಟೆ, ಮೀನು ನಂಜು, ಗಾಯ ಮಾಯುವುದಿಲ್ಲ ಎನ್ನುತ್ತಾರೆ. ಸಕ್ಕರೆ ಕೊಟ್ಟರೆ ಕ್ಯಾನ್ಸರ್ ಬೆಳೆಯುತ್ತದೆ ಎಂದು ಇನ್ನೊಬ್ಬರು. ಈ ಪಥ್ಯಕ್ಕೆ ಕಿವಿಗೊಡಬೇಡಿ. ಹೊಸ ಚರ್ಮ, ಹೊಸ ಪೊರೆ ಹುಟ್ಟುವುದೇ ಪ್ರೋಟೀನ್‌ನಿಂದ. ಗಂಜಿ-ತಿಳಿಸಾರಿನ ಪಥ್ಯದಲ್ಲಿ ಇಟ್ಟವರ ಗಾಯವೇ ತಡವಾಗಿ ಮಾಯುವುದು.

ರುಚಿ ಇಲ್ಲ, ಎಲ್ಲ ಮಣ್ಣು ತಿಂದಂತೆ ಎಂದರೆ ಅದು ಅಡುಗೆಯ ತಪ್ಪಲ್ಲ, ಮೊಂಡುತನವೂ ಅಲ್ಲ. ನಾಲಗೆಯ ರುಚಿ ಎರಡು ಮೂರು ತಿಂಗಳಿಂದ ಮರಳತೊಡಗಿ, ಕೆಲವರಿಗೆ ವರ್ಷವೇ ಹಿಡಿಯುತ್ತದೆ. ಲೋಹದ ರುಚಿ ಬರುತ್ತದೆ ಎನ್ನುವವರಿಗೆ ಸ್ಟೀಲ್ ಚಮಚದ ಬದಲು ಪ್ಲಾಸ್ಟಿಕ್ ಅಥವಾ ಮರದ್ದು ಕೊಟ್ಟು ನೋಡಿ.

ವಾರಕ್ಕೆರಡು ಸಲ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಕ ನೋಡಿ ಬರೆಯಿರಿ. ವಾರಕ್ಕೆ 1 ಕೆಜಿಗಿಂತ ಹೆಚ್ಚು ಇಳಿಯುತ್ತಿದ್ದರೆ ಮುಂದಿನ ತಪಾಸಣೆಯವರೆಗೆ ಕಾಯದೆ ಫೋನ್ ಮಾಡಿ.

ನುಂಗುವಾಗ ಎಚ್ಚರ

ನೇರ ಕೂತೇ ತಿನ್ನಬೇಕು, ತಿಂದ ಮೇಲೆ ಅರ್ಧ ಗಂಟೆಯಾದರೂ ಮಲಗಬಾರದು. ಪ್ರತಿ ಸಲ ತಿನ್ನುವಾಗ ಕೆಮ್ಮು, ತಿಂದಾದ ಮೇಲೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ, ಪದೇ ಪದೇ ಜ್ವರ ಇದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿದೆ ಎಂದೇ ಅನುಮಾನಿಸಬೇಕು. ಕೆಲವರಿಗೆ ಕೆಮ್ಮು ಕೂಡ ಬರುವುದಿಲ್ಲ. ನುಂಗುವುದನ್ನು ಪರೀಕ್ಷಿಸಿ ವ್ಯಾಯಾಮ ಕಲಿಸುವವರು ವಾಕ್-ಶ್ರವಣ ತಜ್ಞರು. ಮಾತಿನ ತೊಂದರೆಗೆ ಮಾತ್ರ ಅವರು ಎಂಬುದು ತಪ್ಪು ತಿಳಿವಳಿಕೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಅವರಿರುತ್ತಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯಕ್ಕೇ ಮೀಸಲಾದದ್ದು.

ಮೂಗಿನ ನಳಿಗೆ ಹಾಕಿಸಿ ಕಳಿಸಿದ್ದರೂ ಡಾಕ್ಟರು ಬೇಡವೆನ್ನದಿದ್ದರೆ ದಿನಕ್ಕೆ ಕೆಲವು ಸಲ ಒಂದೊಂದು ಚಮಚ ನೀರನ್ನು ಜೋರಾಗಿ ಒತ್ತಿ ನುಂಗುವ ಅಭ್ಯಾಸ ಬಿಡಬೇಡಿ. ವಾರಗಟ್ಟಲೆ ನುಂಗದ ಗಂಟಲು ನುಂಗುವುದನ್ನೇ ಮರೆಯುತ್ತದೆ.

ನಳಿಗೆಯಲ್ಲಿ ಊಟ ಕೊಡುವ ಕ್ರಮವನ್ನು ಆಸ್ಪತ್ರೆಯಲ್ಲಿ ನರ್ಸ್ ಎದುರು ಒಂದೆರಡು ಸಲ ನೀವೇ ಮಾಡಿ ಕಲಿಯಿರಿ. ಮೂಗಿನ ಹೊಳ್ಳೆಯ ಬಳಿ ನಳಿಗೆಯ ಮೇಲೆ ಪೆನ್ನಿನ ಗುರುತು ಹಾಕಿಸಿ. ಪ್ರತಿ ಸಲವೂ ಮೊದಲು ಆ ಗುರುತು ಅಲ್ಲೇ ಇದೆಯೇ ನೋಡಿ, ಜರುಗಿದ್ದರೆ ಒಂದು ತೊಟ್ಟೂ ಹಾಕಬೇಡಿ. ರೋಗಿಯನ್ನು ಒರಗಿಸಿ ಕೂರಿಸಿ, 30 ಮಿಲಿ ಕುಡಿಯುವ ನೀರು ಬಿಡಿ. 50 ಮಿಲಿ ಸಿರಿಂಜಿನ ಒಳದಂಡ ತೆಗೆದು, ಬರಿ ಕೊಳವೆಯನ್ನು ನಳಿಗೆಗೆ ಸಿಕ್ಕಿಸಿ ಎತ್ತಿ ಹಿಡಿದು, ಉಗುರುಬೆಚ್ಚಗಿನ ಆಹಾರ ತಾನಾಗಿ ಇಳಿಯಲು ಬಿಡಿ. 250 ಮಿಲಿ ಇಳಿಯಲು ಹದಿನೈದಿಪ್ಪತ್ತು ನಿಮಿಷ ಬೇಕು. ದಂಡ ಹಾಕಿ ಒತ್ತಿದರೆ ಹೊಟ್ಟೆಯುಬ್ಬರ, ವಾಂತಿ. ಕೊನೆಗೆ ಮತ್ತೆ 30ರಿಂದ 50 ಮಿಲಿ ನೀರು ಬಿಡಿ. ನಳಿಗೆ ಕಟ್ಟಿಕೊಳ್ಳುವುದು ಹೆಚ್ಚಾಗಿ ಈ ಕೊನೆಯ ನೀರು ಮರೆತಾಗ, ಇಲ್ಲವೇ ಸೋಸದ ಗಂಜಿ, ಒರಟಾಗಿ ಕುಟ್ಟಿದ ಮಾತ್ರೆ ಹಾಕಿದಾಗ. ಕಟ್ಟಿಕೊಂಡರೆ ಬೆಚ್ಚಗಿನ ನೀರನ್ನು ಹಗುರಾಗಿ ಹಿಂದೆ ಮುಂದೆ ಆಡಿಸಿ ನೋಡಬಹುದು, ಬಲ ಹಾಕಬಾರದು. ನಳಿಗೆ ಹೊರಬಂದರೆ ಮನೆಯಲ್ಲಿ ತೂರಿಸುವ ಸಾಹಸ ಬೇಡ.

ಕತ್ತಿನ ಚರ್ಮ

ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸುವುದು. ಇಷ್ಟು ಸಾಕು. ಅರಿಶಿನ, ಬೂದಿ, ಟಾಲ್ಕಂ ಪೌಡರ್, ಸೊಪ್ಪಿನ ಲೇಪ ಬೇಡ. ಡಾಕ್ಟರು ಬರೆದ ಮುಲಾಮು ಮಾತ್ರ. ರೇಜರ್ ಮುಟ್ಟಿಸದೆ ಟ್ರಿಮ್ಮರ್ ಬಳಸಿ. ಅಂಗಿಯ ಗಟ್ಟಿ ಕಾಲರ್, ಕತ್ತಿನ ಸರ ಉಜ್ಜದಂತೆ ನೋಡಿ. ಬಿಸಿಲಿಗೆ ಹೋಗುವಾಗ ಹತ್ತಿಯ ಮೆತ್ತನೆ ಟವೆಲ್ ಸಡಿಲವಾಗಿ ಹೊದಿಸಿ. ಸಿಪ್ಪೆ ಸುಲಿದು ಒದ್ದೆಯಾಗಿದ್ದರೂ ಮೂರು ನಾಲ್ಕು ವಾರದಲ್ಲಿ ಮಾಯುತ್ತದೆ. ಹಸಿರು ಕೀವು, ದುರ್ವಾಸನೆ ಬಂದರೆ ತೋರಿಸಿ. ಗದ್ದದ ಕೆಳಗೆ ಬೆಳಗಿನ ಹೊತ್ತು ಊದಿಕೊಳ್ಳುವುದು ಎಷ್ಟೋ ಜನರಲ್ಲಿ ಇರುತ್ತದೆ. ತಲೆದಿಂಬು ಎತ್ತರಿಸಿ ಮಲಗಿಸಿ, ಫಿಸಿಯೋಥೆರಪಿಸ್ಟ್ ಹತ್ತಿರ ತಿಕ್ಕುವ ಕ್ರಮ ಕಲಿಯಿರಿ.

ದವಡೆ ಹಿಡಿಯದಂತೆ

ಇಲ್ಲಿ ಮಾಡಿದ ಆಲಸ್ಯ ಜೀವನವಿಡೀ ಕಾಡುತ್ತದೆ. ರೇಡಿಯೇಷನ್ ಬಿದ್ದ ಅಗಿಯುವ ಸ್ನಾಯುಗಳು ತಿಂಗಳುಗಳ ಕಾಲ ನಿಧಾನವಾಗಿ ನಾರುಗಟ್ಟುತ್ತ ಹೋಗುತ್ತವೆ. ಗುಟ್ಕಾ, ಅಡಿಕೆ ಅಭ್ಯಾಸವಿದ್ದವರ ಕೆನ್ನೆ ಮೊದಲೇ ಬಿಗಿದಿರುತ್ತದೆ, ಅವರ ಬಾಯಿ ಇನ್ನೂ ಬೇಗ ಮುಚ್ಚಿಕೊಳ್ಳುತ್ತದೆ. ಆಮೇಲೆ ಚಮಚ ಹೋಗದು, ಬ್ರಷ್ ಹೋಗದು, ಡಾಕ್ಟರಿಗೆ ಒಳಗೆ ನೋಡಲೂ ಆಗದು.

ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ನಡುವಿನ ಅಂತರ ಸ್ಕೇಲಿನಲ್ಲಿ ಅಳೆದು ಬರೆಯಿರಿ. 35 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ದವಡೆ ಹಿಡಿದಿದೆ ಎಂದೇ ಲೆಕ್ಕ. ಅಂದಾಜಿಗೆ, ರೋಗಿಯದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಲಂಬವಾಗಿ ತೂರಿಸಲು ಬರಬೇಕು.

ವ್ಯಾಯಾಮಕ್ಕೆ ಐಸ್‌ಕ್ರೀಮ್ ಕಡ್ಡಿ ಸಾಕು. ಈಗ ಬಾಯಿ ತೆರೆಯುವಷ್ಟಕ್ಕೆ ಸರಿಯಾಗಿ ಹಿಡಿಸುವಷ್ಟು ಕಡ್ಡಿಗಳನ್ನು ರಬ್ಬರ್‌ಬ್ಯಾಂಡಿನಲ್ಲಿ ಕಟ್ಟಿ, ಹಿಂದಿನ ಹಲ್ಲುಗಳ ನಡುವೆ ಇಡಿ. ಬಿಗಿತ ಗೊತ್ತಾಗಬೇಕು, ಚುಚ್ಚುನೋವು ಆಗಬಾರದು. 30 ಸೆಕೆಂಡು ಹಿಡಿದು ಬಿಡಿ. ಹೀಗೆ ಐದು ಸಲ, ದಿನಕ್ಕೆ ಐದು ಹೊತ್ತು. ಮೂರು ನಾಲ್ಕು ದಿನ ಸಲೀಸಾದ ಮೇಲೆ ಮಧ್ಯಕ್ಕೆ ಇನ್ನೊಂದು ಕಡ್ಡಿ ತೂರಿಸಿ. ಮಾಡುವ ಮುಂಚೆ ಕೆನ್ನೆಗೆ ಬೆಚ್ಚಗಿನ ಒದ್ದೆ ಬಟ್ಟೆ ಇಡಬಹುದು, ಆದರೆ ಅಲ್ಲಿ ಸ್ಪರ್ಶ ಸರಿಯಾಗಿ ಗೊತ್ತಾಗದಿರಬಹುದು. ಮೊದಲು ನಿಮ್ಮ ಮಣಿಕಟ್ಟಿನ ಮೇಲಿಟ್ಟು ಬಿಸಿ ನೋಡಿ. ದವಡೆ ಮೂಳೆ ಕತ್ತರಿಸಿ ಪ್ಲೇಟ್ ಹಾಕಿದ್ದರೆ, ತೊಡೆಯಿಂದಲೋ ಎದೆಯಿಂದಲೋ ಮಾಂಸ ತಂದು ಹೊಲಿದಿದ್ದರೆ, ಹಲ್ಲು ಅಲುಗಾಡುತ್ತಿದ್ದರೆ ಸರ್ಜನ್‌ರನ್ನು ಕೇಳದೆ ಶುರುಮಾಡಬೇಡಿ.

ಹುಣ್ಣು ಮಾಯಿತು, ಬಾಯಿ ಸಾಕಷ್ಟು ತೆರೆಯುತ್ತಿದೆ ಎಂದು ಮೂರನೇ ತಿಂಗಳಿಗೆ ನಿಲ್ಲಿಸಿಬಿಡುತ್ತಾರೆ. ಬಿಗಿತ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆ ನಂತರವೇ. ಮೊದಲ ವರ್ಷ ಪೂರ್ತಿ ಬಿಡಬಾರದು, ಆಮೇಲೂ ದಿನಕ್ಕೆ ಒಂದೆರಡು ಹೊತ್ತು ಮುಂದುವರಿಸಬೇಕು. ಪ್ರತಿ ಸೋಮವಾರ ಅಳೆದು ಬರೆದರೆ ಕಡಿಮೆಯಾಗುತ್ತಿರುವುದು ಬೇಗ ಗೊತ್ತಾಗುತ್ತದೆ. ಕತ್ತಿನ ಗಂಟು ತೆಗೆದವರಿಗೆ ಆ ಕಡೆಯ ಭುಜವೂ ಜೋತು ಬಿದ್ದಿರುತ್ತದೆ. ಗೋಡೆಯ ಮೇಲೆ ಬೆರಳು ಹತ್ತಿಸುತ್ತ ಕೈ ಮೇಲೆತ್ತುವ ವ್ಯಾಯಾಮವನ್ನೂ ಅದೇ ಹೊತ್ತಿಗೆ ಸೇರಿಸಿ.

ಒಣಬಾಯಿ ಮತ್ತು ಹಲ್ಲು

ಜೊಲ್ಲುಗ್ರಂಥಿಗಳ ಮೇಲೆ ರೇಡಿಯೇಷನ್ ಬಿದ್ದಿದ್ದರೆ ಬಾಯಿ ಒಣಗುತ್ತದೆ. ಸ್ವಲ್ಪ ಸ್ವಲ್ಪ ಸುಧಾರಿಸಿದರೂ ಪೂರ್ತಿ ಮೊದಲಿನಂತಾಗದಿರಬಹುದು. ನೀರಿನ ಬಾಟಲಿ ಸದಾ ಪಕ್ಕದಲ್ಲಿರಲಿ, ತುಟಿಗೆ ವ್ಯಾಸಲಿನ್, ಊಟಕ್ಕೆ ತುಪ್ಪ ಅಥವಾ ಮಜ್ಜಿಗೆಯ ಜಾರಿಕೆ. ಒಣಬಾಯಿಗೆಂದು ಪೆಪ್ಪರ್‌ಮಿಂಟ್, ಕಲ್ಲುಸಕ್ಕರೆ ಚೀಪುವುದು ಹಲ್ಲಿಗೆ ಕುತ್ತು. ಜೊಲ್ಲಿಲ್ಲದ ಬಾಯಲ್ಲಿ ಹಲ್ಲು ಒಸಡಿನ ಅಂಚಿನಲ್ಲೇ ಕೊಳೆತು, ಕೆಲವೇ ತಿಂಗಳಲ್ಲಿ ಮುರಿದು ಬೀಳುವುದುಂಟು. ಮೇಲೆ ಹೇಳಿದ ಸಿಹಿ ಗಂಜಿ ಕೊಟ್ಟಾಗಲೆಲ್ಲ ಸೋಡಾ ನೀರಲ್ಲಿ ಬಾಯಿ ಮುಕ್ಕಳಿಸುವುದು ಇದಕ್ಕೇ. ದಂತವೈದ್ಯರ ಹತ್ತಿರ ಫ್ಲೋರೈಡ್ ಜೆಲ್ ಕೇಳಿ ಪಡೆಯಿರಿ. ರಾತ್ರಿ ಹಚ್ಚಿದ ಮೇಲೆ ಅರ್ಧ ಗಂಟೆ ನೀರೂ ಕುಡಿಯಬಾರದು.

ಇನ್ನು ಜೆರಾಕ್ಸ್ ಪ್ರತಿಯ ಮಾತು. ರೇಡಿಯೇಷನ್ ಬಿದ್ದ ದವಡೆ ಮೂಳೆಗೆ, ಅದರಲ್ಲೂ ಕೆಳದವಡೆಗೆ, ರಕ್ತದ ಓಡಾಟ ಕಡಿಮೆಯಾಗಿರುತ್ತದೆ. ಅಲ್ಲಿ ಹಲ್ಲು ಕಿತ್ತರೆ ಆ ಗುಳಿ ಮಾಯದೆ ಮೂಳೆಯೇ ಸತ್ತು ಹೊರಗೆ ಕಾಣಿಸಿಕೊಳ್ಳಬಹುದು. ಈ ಅಪಾಯ ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಮುಗಿಯುವಂಥದ್ದಲ್ಲ, ಜೀವನಪರ್ಯಂತ ಇರುತ್ತದೆ. ಹಲ್ಲು ನೋವೆಂದು ಊರಿನ ಕ್ಲಿನಿಕ್ಕಿಗೆ ಹೋದರೆ ಮೊದಲು ಆ ಕಾಗದ ಮೇಜಿನ ಮೇಲಿಡಿ. ಕ್ಯಾನ್ಸರ್ ಡಾಕ್ಟರ ಒಪ್ಪಿಗೆ ಇಲ್ಲದೆ ಹಲ್ಲು ಕೀಳಿಸಬೇಡಿ. ರೂಟ್ ಕೆನಾಲ್ ಮಾಡಿ ಉಳಿಸಲು ಬರುವುದಾದರೆ ಅದೇ ಕ್ಷೇಮ.

ಎಲೆ ಅಡಿಕೆ, ಹೊಗೆಸೊಪ್ಪು

ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಬೀಡಿ ಬಿಡಿಸುವುದು ಎಲ್ಲರಿಗೂ ಗೊತ್ತು. ಬರಿ ಅಡಿಕೆ ಪರವಾಗಿಲ್ಲ ಎಂಬ ಮಾತು ಮಾತ್ರ ಹೋಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಅಡಿಕೆಯೇ ಬದುಕಾಗಿರುವ ಮಲೆನಾಡು, ಚನ್ನಗಿರಿ ಕಡೆಯ ಮನೆಗಳಲ್ಲಿ ಈ ಮಾತು ಆಡುವುದು ಕಷ್ಟ, ಆದರೂ ಆಡಲೇಬೇಕು. ತಟ್ಟೆ ಕಣ್ಣಿಗೆ ಬೀಳದಂತೆ ಎತ್ತಿಡಿ, ಜೊತೆಯಲ್ಲಿ ಹಾಕಿಕೊಳ್ಳುತ್ತಿದ್ದ ಗೆಳೆಯರಿಗೆ ನೇರವಾಗಿ ಹೇಳಿ, ಮನೆಯ ಬೇರೆಯವರೂ ಅವರೆದುರು ಹಾಕಿಕೊಳ್ಳದಿರಲಿ. ತಂಬಾಕು ಬಿಡಿಸಲು ಉಚಿತ ಸಹಾಯವಾಣಿ 1800-11-2356 ಇದೆ. ಹೆಂಡವೂ ಸಲ್ಲದು.

ಮಾತು, ಮನಸ್ಸು

ಮಾತು ತೊದಲಿದಾಗ ಅವರ ವಾಕ್ಯವನ್ನು ನೀವು ಮುಗಿಸಬೇಡಿ, ಕಾಯಿರಿ. ಒಂದು ಸ್ಲೇಟು ಅಥವಾ ಮೊಬೈಲಿನ ನೋಟ್ಸ್ ಕೈಗೆಟುಕುವಂತಿರಲಿ, ರಾತ್ರಿ ಕರೆಯಲು ತಲೆದಿಂಬಿನ ಬಳಿ ಬಾರಿಸುವ ಗಂಟೆ ಇಡಿ. ಹಬ್ಬದ ಅಡುಗೆಯ ದಿನ ಒಗ್ಗರಣೆಯ ವಾಸನೆಗೆ ಎದ್ದು ಹೊರಗೆ ಹೋಗುವವರಿದ್ದಾರೆ. ಹೋದರೆ ಯಾರಾದರೂ ಜೊತೆಗೆ ಹೋಗಿ ಕೂರಿ. ಸುಸ್ತು ಎರಡು ಮೂರು ತಿಂಗಳು ಇರುವುದು ಸಹಜ, ಬೆಳಿಗ್ಗೆ ಸಂಜೆ ಹತ್ತು ನಿಮಿಷದ ನಡಿಗೆ ಅದಕ್ಕೆ ಒಳ್ಳೆಯದು. ಆದರೆ ಯಾರೊಡನೆಯೂ ಸೇರದೆ, ಔಷಧಿ ಬೇಡವೆನ್ನುತ್ತ, 'ನನ್ನಿಂದ ನಿಮಗೆಲ್ಲ ಭಾರ' ಎಂಬ ಮಾತು ಬರತೊಡಗಿದರೆ ಸುಸ್ತೆಂದು ತಳ್ಳಿಹಾಕಬೇಡಿ. ಡಾಕ್ಟರಿಗೆ ತಿಳಿಸಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವ ಹೆಂಡತಿಗೋ ಮಗಳಿಗೋ ವಾರಕ್ಕೆ ಒಂದೆರಡು ರಾತ್ರಿಯಾದರೂ ಪೂರ್ತಿ ನಿದ್ದೆ ಸಿಗುವಂತೆ ಉಳಿದವರು ಪಾಳಿ ಹಂಚಿಕೊಳ್ಳಿ.

ತಡಮಾಡದೆ ಆಸ್ಪತ್ರೆಗೆ

100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ; ದಿನವಿಡೀ ನೀರೂ ಇಳಿಯದಿರುವುದು, ಮೂತ್ರ ತೀರಾ ಕಡಿಮೆಯಾಗುವುದು; ಎಬ್ಬಿಸಿದರೂ ಏಳದಂಥ ಮಂಪರು. ಉಸಿರಾಡುವಾಗ ಸುಂಯ್ ಎಂಬ ಸದ್ದು, ಏದುಸಿರು ಬಂದರೆ, ಬಾಯಿಂದಲೋ ಕತ್ತಿನಿಂದಲೋ ರಕ್ತ ಹರಿದರೆ 108ಕ್ಕೆ ಫೋನ್ ಮಾಡಿ. ಕತ್ತಿನಿಂದ ರಕ್ತ ಬರುತ್ತಿದ್ದರೆ ಶುದ್ಧ ಬಟ್ಟೆ ಮಡಚಿ ಗಟ್ಟಿಯಾಗಿ ಒತ್ತಿಹಿಡಿದೇ ಕರೆದೊಯ್ಯಿರಿ, ನಡುವೆ ತೆಗೆದು ನೋಡಬೇಡಿ.

ತಪಾಸಣೆಗಳು

ಮೊದಲ ವರ್ಷ ಒಂದರಿಂದ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಎರಡರಿಂದ ಆರು ತಿಂಗಳಿಗೊಮ್ಮೆ ಕರೆಯುತ್ತಾರೆ. ಆರಾಮಾಗಿದ್ದಾರೆ ಎಂದು ತಪ್ಪಿಸಬೇಡಿ, ಕಾಯಿಲೆ ಮರುಕಳಿಸುವುದಿದ್ದರೆ ಹೆಚ್ಚಾಗಿ ಈ ಎರಡು ವರ್ಷಗಳಲ್ಲೇ. ಹುಣ್ಣೆಲ್ಲ ಮಾಯ್ದ ಮೇಲೆ ಹೊಸದಾಗಿ ಹುಟ್ಟಿ ಎರಡು ವಾರವಾದರೂ ಹೋಗದ ಹುಣ್ಣು, ಕತ್ತಿನಲ್ಲಿ ಗಟ್ಟಿ ಗಂಟು, ಒಂದೇ ಕಡೆಯ ಕಿವಿನೋವು, ಬಾಯೊಳಗೆ ಮೂಳೆ ಕಾಣುವುದು ಇವು ತಾರೀಕಿಗೆ ಕಾಯುವಂಥವಲ್ಲ. ತಲೆ ಬಗ್ಗಿಸಿದಾಗ ಬೆನ್ನುಹುರಿಯ ಉದ್ದಕ್ಕೂ ಶಾಕ್ ಹೊಡೆದಂತೆ ಜುಂ ಎನ್ನುವುದು ಕೆಲವರಿಗೆ ಎರಡು ಮೂರು ತಿಂಗಳ ನಂತರ ಬರುತ್ತದೆ. ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ, ಆದರೂ ಡಾಕ್ಟರ ಕಿವಿಗೆ ಹಾಕಿ.

ಪ್ರತಿ ಭೇಟಿಗೂ ತೂಕ ಮತ್ತು ಬಾಯಿ ತೆರೆಯುವ ಅಳತೆ ಬರೆದ ನೋಟ್‌ಬುಕ್ ಕೊಂಡೊಯ್ಯಿರಿ. ಕತ್ತಿಗೂ ರೇಡಿಯೇಷನ್ ಬಿದ್ದಿದ್ದರೆ ಥೈರಾಯ್ಡ್ ಗ್ರಂಥಿ ನಿಧಾನವಾಗಿ ಸೊರಗಬಹುದು. ಆರು ತಿಂಗಳಿಂದ ವರ್ಷಕ್ಕೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು, ಡಾಕ್ಟರು ಮರೆತರೆ ನೀವೇ ಕೇಳಿ. ವರ್ಷದ ನಂತರವೂ ಹೋಗದ ಸುಸ್ತು, ಚಳಿ ತಡೆಯದಿರುವುದು, ಮುಖ ಊದಿಕೊಳ್ಳುವುದು ಎಷ್ಟೋ ಸಲ ಇದರಿಂದಲೇ ಇರುತ್ತದೆ, ದಿನಕ್ಕೊಂದು ಮಾತ್ರೆಯಲ್ಲಿ ಸರಿಹೋಗುತ್ತದೆ.